ಉರಿಯದ ಪೆಟ್ರೋಲು

ನಾನು ಒಂದು ದ್ರವ. ನೋಡಲು ನೀರಿನ ಹಾಗಿದ್ದೇನೆ. ತೂಗಿದರೆ ನೀರಿನ ಒಂದೂವರೆ ಪಟ್ಟಿಗಿಂತ ಹೆಚ್ಚು ಭಾರ. ನನ್ನ ಒಂದೊಂದು ಅಣುವಿನಲ್ಲೂ ಎರಡು ಇಂಗಾಲದ ಪರಮಾಣುಗಳು ಕೈ ಹಿಡಿದು ನಿಂತಿವೆ, ಅವುಗಳಿಗೆ ನಾಲ್ಕು ಕ್ಲೋರಿನ್ ಪರಮಾಣುಗಳು ಅಂಟಿಕೊಂಡಿವೆ. ಪುಸ್ತಕದಲ್ಲಿ ನನ್ನ ಹೆಸರು ಟೆಟ್ರಾಕ್ಲೋರೋಎಥಿಲೀನ್. ಕಸಬಿನವರು ಪರ್ಕ್ ಎನ್ನುತ್ತಾರೆ. ಹುಬ್ಬಳ್ಳಿಯಲ್ಲಿ ನನ್ನನ್ನು ಪೆಟ್ರೋಲು ಎಂದರು.

ನಾನು ಪೆಟ್ರೋಲಲ್ಲ. ಕಡ್ಡಿ ಗೀರಿ ನನ್ನೊಳಗೆ ಅದ್ದಿದರೆ ಕಡ್ಡಿಯೇ ಆರುತ್ತದೆ. ಆದರೂ ಆ ಹೆಸರಿನಿಂದಾಗಿ ಒಂದು ಕಿಟಕಿ ಮುಚ್ಚಿತು. ಕಿಟಕಿ ಮುಚ್ಚಿದ್ದರಿಂದ ಒಬ್ಬನ ಸಂಸಾರ ಮುರಿಯುವ ಮಟ್ಟಕ್ಕೆ ಬಂತು.

ನಾನು ಹುಟ್ಟಿದ್ದು ಸಮುದ್ರದ ದಂಡೆಯ ಒಂದು ಕಾರ್ಖಾನೆಯಲ್ಲಿ. ಉಪ್ಪುನೀರಿಗೆ ವಿದ್ಯುತ್ ಹಾಯಿಸಿ ಕ್ಲೋರಿನ್ ಅನಿಲ ತೆಗೆದರು. ಇಂಗಾಲವಿರುವ ಇನ್ನೊಂದು ಅನಿಲದ ಜೊತೆ ಅದನ್ನು ಕಾದ ಕುಲುಮೆಗೆ ಬಿಟ್ಟರು. ಅಲ್ಲಿಂದ ನಾನೂ ನನ್ನ ಅಣ್ಣ ಕಾರ್ಬನ್ ಟೆಟ್ರಾಕ್ಲೋರೈಡನೂ ಒಟ್ಟಿಗೆ ಹೊರಬಂದೆವು. ಅವನಿಗೂ ಕ್ಲೋರಿನ್ ನಾಲ್ಕೇ, ಇಂಗಾಲ ಮಾತ್ರ ಒಂದು. ಅವನು ನನಗಿಂತ ಬೇಗ ಕುದಿಯುತ್ತಾನೆ. ಆದ್ದರಿಂದ ನಮ್ಮನ್ನು ಬೇರೆ ಮಾಡುವುದು ಕಷ್ಟವಾಗಲಿಲ್ಲ. ಅವನ ಹೆಚ್ಚಿನ ಪಾಲು ಫ್ರಿಜ್ಜಿನ ಅನಿಲ ತಯಾರಿಸಲು ಹೋಯಿತು. ಹಿಂದೆ ಅವನನ್ನು ಹಿತ್ತಾಳೆಯ ಪಿಚಕಾರಿಗಳಲ್ಲಿ ತುಂಬಿ ಮೋಟಾರುಗಳ ಬೆಂಕಿ ಆರಿಸಲು ಇಡುತ್ತಿದ್ದರು. ಅವನು ಮನುಷ್ಯರ ಯಕೃತ್ತನ್ನು ಕೆಡಿಸುತ್ತಾನೆಂದೂ ಬೆಂಕಿಗೆ ಬಿದ್ದರೆ ವಿಷದ ಗಾಳಿಯಾಗುತ್ತಾನೆಂದೂ ಖಚಿತವಾದ ಮೇಲೆ ಆ ಪಿಚಕಾರಿಗಳು ಗುಜರಿಗೆ ಹೋದವು.

ನಾಲ್ಕು ಕ್ಲೋರಿನ್ ಹೊತ್ತವರು ನಮ್ಮ ಬಳಗದಲ್ಲಿ ಇನ್ನೂ ಇದ್ದಾರೆ. ಟೈಟೇನಿಯಂ ಟೆಟ್ರಾಕ್ಲೋರೈಡನಿಗೆ ತೇವದ ಗಾಳಿ ತಾಗಿದರೆ ಸಾಕು, ಬಿಳಿ ಹೊಗೆ ಕಾರುತ್ತಾನೆ. ಯುದ್ಧಕಾಲದಲ್ಲಿ ಹಡಗುಗಳನ್ನು ಮರೆಮಾಡಲು ಅವನನ್ನು ಬಳಸಿದರು; ಈಗ ಗೋಡೆಗೆ ಬಳಿಯುವ ಬಿಳಿ ಬಣ್ಣದ ಪುಡಿಯನ್ನು ಅವನಿಂದ ತೆಗೆಯುತ್ತಾರೆ. ಸಿಲಿಕಾನ್ ಟೆಟ್ರಾಕ್ಲೋರೈಡನಿಂದ ಕೂದಲೆಳೆಯಂಥ ಗಾಜಿನ ತಂತಿ ಎಳೆಯುತ್ತಾರೆ. ಅದರೊಳಗೆ ಟೆಲಿಫೋನಿನ ಮಾತು ಬೆಳಕಾಗಿ ಓಡುತ್ತದೆ. ನನ್ನನ್ನೇ ಒಂದು ಕಾಲದಲ್ಲಿ ಔಷಧಿಯಾಗಿ ಕೊಕ್ಕೆಹುಳುವಿನ ರೋಗಿಗಳಿಗೆ ಕುಡಿಸುತ್ತಿದ್ದರು. ಹುಳು ಸಾಯುತ್ತಿತ್ತು, ರೋಗಿಗೆ ಕೆಲವು ಗಂಟೆ ಅಮಲೇರಿದಂತಾಗುತ್ತಿತ್ತು. ಇದು ಹಳೆಯ ವೈದ್ಯಕೀಯ ಪುಸ್ತಕಗಳಲ್ಲಿದೆ. ನಾನು ಬದುಕಿದ ಓಣಿಯಲ್ಲಿ ಅವನ್ನು ಓದಿದವರು ಇರಲಿಲ್ಲ.

ನನ್ನ ಸ್ವಭಾವದ ಒಂದು ಮಾತು ಹೇಳಬೇಕು. ನಾನು ಎಲ್ಲಿಯೂ ನಿಲ್ಲಲಾರೆ. ಮುಚ್ಚಳ ಸಡಿಲವಿದ್ದರೆ ಹೊರಡುತ್ತೇನೆ. ಬಟ್ಟೆಯ ಮೇಲೆ ಬಿದ್ದರೆ ಜಿಡ್ಡನ್ನು ಹಿಡಿದುಕೊಂಡು ಹೊರಡುತ್ತೇನೆ, ಗಾಳಿಗೆ ಸಿಕ್ಕರೆ ಗಾಳಿಯಾಗುತ್ತೇನೆ. ಆದರೆ ನನ್ನ ಆವಿ ಗಾಳಿಗಿಂತ ಬಹಳ ಭಾರ. ಮೇಲೆ ಹಾರಲಾರದೆ ನೆಲಕ್ಕೆ ಇಳಿದು, ದಾರಿ ಹುಡುಕುತ್ತ ಹೊಸ್ತಿಲ ಕಡೆ ಹರಿಯುತ್ತೇನೆ. ಹೀಗಾಗಿ ಜನರನ್ನು ನಾನು ಯಾವಾಗಲೂ ಪಾದದ ಕಡೆಯಿಂದಲೇ ನೋಡಿದ್ದು.

ಮೊದಲು ಮುಂಬಯಿಯ ಒಂದು ಡ್ರೈ ಕ್ಲೀನಿಂಗ್ ಅಂಗಡಿಗೆ ಹೋದೆ. ಅಲ್ಲಿ ಒಂದು ದೊಡ್ಡ ಯಂತ್ರ. ಬಟ್ಟೆಗಳ ಜೊತೆ ನನ್ನನ್ನು ತಿರುಗಿಸುವುದು, ಹಿಂಡುವುದು, ಕೊಳೆಯಾದ ಮೇಲೆ ಕಾಯಿಸಿ ಆವಿ ಮಾಡಿ ತಣಿಸಿ ಮತ್ತೆ ತಿಳಿಯಾಗಿಸುವುದು. ಕೋಟುಗಳ ಕಾಲರಿನ ಜಿಡ್ಡು, ಸೀರೆಗಳ ಮೇಲಿನ ತುಪ್ಪ, ಅತ್ತರಿನ ಕಲೆ ಎಲ್ಲ ನನ್ನೊಳಗೆ ಬಂದು ಕಡೆಗೆ ಕಡಾಯಿಯ ತಳದಲ್ಲಿ ಕಪ್ಪು ರಾಡಿಯಾಗಿ ಉಳಿಯುತ್ತಿತ್ತು. ನಾನು ಮತ್ತೆ ಹೊಸಬ. ಆ ಅಂಗಡಿಯ ಗೋಡೆಯಲ್ಲಿ, ನೆಲದ ಹತ್ತಿರವೇ, ಹೊರಗೆ ಗಾಳಿ ತಳ್ಳುವ ಅಗಲವಾದ ಫ್ಯಾನ್ ಇತ್ತು. ಮಾಲಕ ಮುದುಕನಾಗಿ ಅಂಗಡಿ ಮುಚ್ಚಿದ. ಯಂತ್ರವನ್ನು ಹುಬ್ಬಳ್ಳಿಯ ವಿಠ್ಠಲಸಾ ಎಂಬವರು ಕೊಂಡರು. ಯಂತ್ರದ ಹೊಟ್ಟೆಯಲ್ಲಿದ್ದ ನಾನೂ ಮಾರಾಟವಾದೆ. ಫ್ಯಾನ್ ಗೋಡೆಯದ್ದು, ಗೋಡೆಯಲ್ಲೇ ಉಳಿಯಿತು.

ವಿಠ್ಠಲಸಾ ಅವರ ಅಂಗಡಿ ಹುಬ್ಬಳ್ಳಿಯ ಒಂದು ಇಕ್ಕಟ್ಟಿನ ಓಣಿಯಲ್ಲಿತ್ತು. ಬೋರ್ಡಿನ ಮೇಲೆ ಅಂಗಡಿಯ ಹೆಸರು ಚಿಕ್ಕದಾಗಿ, 'ಪೆಟ್ರೋಲ್ ವಾಶ್' ಎಂಬುದು ದೊಡ್ಡದಾಗಿ ಇತ್ತು. ಅವರ ತಂದೆಯ ಕಾಲದಲ್ಲಿ ನಿಜವಾಗಿಯೂ ಪೆಟ್ರೋಲಿನಲ್ಲೇ ರೇಷ್ಮೆ, ಉಣ್ಣೆ ತೊಳೆಯುತ್ತಿದ್ದರು. ಒಮ್ಮೆ ಅದಕ್ಕೆ ಕಿಡಿ ತಾಗಿ ಅಂಗಡಿಯ ಮುಂಭಾಗವೇ ಸುಟ್ಟಿತ್ತು. ನಾನು ಬಂದದ್ದು ಅಂಥ ಗಂಡಾಂತರ ಇರಬಾರದೆಂದೇ.

ಯಂತ್ರ ನಡೆಸಲು ಬಂದವನು ಮಾಚಪ್ಪ. ಮಡಿವಾಳರ ಮನೆತನದವನು, ಚಿಕ್ಕಂದಿನಿಂದ ಕೆರೆಯ ನೀರಿನಲ್ಲಿ ನಿಂತು ಬಟ್ಟೆ ಒಗೆದವನು. ಅವನ ಹಿಮ್ಮಡಿಯಲ್ಲಿ ನೀರು ಕೊರೆದ ಬಿರುಕುಗಳಿದ್ದವು; ಕೆಳಗಿನಿಂದ ನೋಡುವ ನನಗೆ ಮೊದಲು ಕಂಡದ್ದು ಅವೇ. ಇಲ್ಲಿ ಅವನು ಪ್ಯಾಂಟು ಹಾಕಿದ, ಚಪ್ಪಲಿ ಹಾಕಿದ. ಕೆರೆಯ ದಂಡೆಯಲ್ಲಿ ಅವನನ್ನು "ಏ ಅಗಸ್ಯಾ" ಎಂದು ಕರೆಯುತ್ತಿದ್ದ ಗಿರಾಕಿಗಳೇ ಇಲ್ಲಿ "ಮಶೀನ್ ಮಾಸ್ತರ, ನನ್ನ ಕೋಟ್ ಆತೇನ್ರಿ?" ಎನ್ನತೊಡಗಿದರು. ಮೊದಲ ಸಲ ಆ ಮಾತು ಕೇಳಿದ ದಿನ ಅವನು ಹಿಂದಿನ ಕೋಣೆಗೆ ಬಂದು ಯಂತ್ರದ ಬಾಗಿಲನ್ನು ಒರೆಸಿದ್ದನ್ನೇ ಮತ್ತೆ ಒರೆಸಿದ.

ಆ ಹಿಂದಿನ ಕೋಣೆಗೆ ಒಂದು ಕಿಟಕಿ ಇತ್ತು. ಕಿಟಕಿಯಾಚೆ ಕಲ್ಲಪ್ಪನ ಮಿರ್ಚಿ ಭಜಿ ಅಂಗಡಿ. ಕಿಟಕಿಯ ಪಕ್ಕದಲ್ಲೇ ಅವನ ಒಲೆ. ಯಂತ್ರ ಬಂದ ವಾರದಲ್ಲೇ ಕಲ್ಲಪ್ಪ ಎಣ್ಣೆಯಿಂದ ಭಜಿ ಎತ್ತುವ ಜಾರಿ ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತ.

"ವಿಠ್ಠಲಸಾ, ಆ ಕಿಡಕಿ ಮುಚ್ಚಸ್ರಿ. ಒಂದು ಕಿಡಿ ಹಾರಿದ್ರ ನಾನೂ ಹೋಗ್ತೀನಿ, ನನ್ನ ಮಿರ್ಚೀನೂ ಹೋಗ್ತಾವು."

"ಇದು ಉರಿಯೂದಿಲ್ಲೋ ಮಾರಾಯ," ಎಂದರು ವಿಠ್ಠಲಸಾ. "ಮಾಚಪ್ಪ, ತೋರ್ಸಪ್ಪಾ ಇವಗ."

ಮಾಚಪ್ಪ ಬಟ್ಟಲಲ್ಲಿ ನನ್ನನ್ನು ಸ್ವಲ್ಪ ಸುರಿದು ಉರಿಯುವ ಕಡ್ಡಿಯನ್ನು ಹಾಕಿದ. ಚುಂಯ್ ಎಂದು ಕಡ್ಡಿ ಆರಿತು. ಕಲ್ಲಪ್ಪ ಬಟ್ಟಲನ್ನು ನೋಡಲೇ ಇಲ್ಲ. ಬಾಗಿಲಾಚೆ ಹೋಗಿ, ಜಾರಿಯನ್ನು ಮೇಲೆತ್ತಿ ಬೋರ್ಡು ತೋರಿಸಿದ.

"ಇಲ್ಲಿ ಏನ್ ಬರದೈತಿ? ಪೆಟ್ರೋಲ್ ವಾಶ್. ಬೋರ್ಡ್ ಸುಳ್ಳೋ, ನಿಮ್ಮ ಕಡ್ಡಿ ಸುಳ್ಳೋ?"

ಬೋರ್ಡು ಬದಲಾಯಿಸಿದ್ದರೆ ಮಾತು ಮುಗಿಯುತ್ತಿತ್ತು. ಆದರೆ ಗಿರಾಕಿಗಳು ಬರುತ್ತಿದ್ದದ್ದೇ ಪೆಟ್ರೋಲ್ ವಾಶ್ ಎಂದು. "ಆ ಬೋರ್ಡ್ ನಮ್ಮಪ್ಪ ಬರ್ಸಿದ್ದು," ಎಂದು ವಿಠ್ಠಲಸಾ ಗೌಂಡಿಯನ್ನು ಕರೆಸಿ ಕಿಟಕಿಗೆ ಇಟ್ಟಂಗಿ ಹಾಕಿಸಿದರು. ಕಿಟಕಿ ಮುಚ್ಚಿದರೆ ನಾನೂ ಹಾರಿಹೋಗಿ ಕಡಿಮೆಯಾಗುವುದಿಲ್ಲ ಎಂಬ ಲೆಕ್ಕವೂ ಅವರ ತಲೆಯಲ್ಲಿತ್ತು. ಕಲ್ಲಪ್ಪನ ಭಯ ಪೂರ್ತಿ ಪೊಳ್ಳೆಂದು ನಾನು ಹೇಳುವುದಿಲ್ಲ. ನನ್ನ ಆವಿ ಬೆಂಕಿಗೆ ಸಿಕ್ಕರೆ ಉರಿಯದಿದ್ದರೂ ಮೂಗು ಸುಡುವ ಆಮ್ಲವಾಗುತ್ತದೆ. ಆದರೆ ಆ ಭಯಕ್ಕೆ ಔಷಧ ಒಲೆಯನ್ನು ಆಚೆ ಸರಿಸುವುದಾಗಿತ್ತು. ಕಿಟಕಿ ಮುಚ್ಚಿದ್ದರಿಂದ ಕೋಣೆಯೊಳಗೆ ಉಳಿದವರು ಇಬ್ಬರೇ: ನಾನು ಮತ್ತು ಮಾಚಪ್ಪ.

ಯಂತ್ರ ಹಳೆಯ ಕಾಲದ್ದು. ಒಗೆಯುವ ಡಬ್ಬಿ ಬೇರೆ, ಒಣಗಿಸುವ ಡಬ್ಬಿ ಬೇರೆ. ಹಿಂಡಿದ ಬಟ್ಟೆಗಳನ್ನು ಮಾಚಪ್ಪ ಎದೆಗೆ ಅವುಚಿಕೊಂಡು ಒಂದರಿಂದ ಇನ್ನೊಂದಕ್ಕೆ ಒಯ್ಯುತ್ತಿದ್ದ. ಆಗ ನಾನು ಅವನ ಅಂಗಿಯ ಮೇಲೂ ತೋಳಿನ ಮೇಲೂ ಇಳಿದು, ಅಲ್ಲಿಂದ ಆವಿಯಾಗಿ ಅವನ ಮೂಗಿಗೆ ಹೋಗುತ್ತಿದ್ದೆ. ಮಧ್ಯಾಹ್ನ ಅವನು ಅದೇ ನೆಲದ ಮೇಲೆ ಚಾಪೆ ಹಾಸಿ ರೊಟ್ಟಿ ತಿನ್ನುತ್ತಿದ್ದ, ಅಲ್ಲೇ ಅಡ್ಡಾಗುತ್ತಿದ್ದ. ನೆಲದ ಮೇಲೆ ನಾನು ಎಷ್ಟು ದಟ್ಟವಾಗಿದ್ದೆನೆಂದು ಅವನಿಗೆ ತಿಳಿಯಲಿಲ್ಲ. ಉಸಿರಿನಿಂದ ರಕ್ತಕ್ಕೆ, ರಕ್ತದಿಂದ ಕೊಬ್ಬಿಗೆ ಹೋದೆ. ಜಿಡ್ಡನ್ನು ಕಂಡರೆ ಒಳಗೆ ಸೇರುವುದು ನನ್ನ ಗುಣ; ಅದು ಕೋಟಿನ ಜಿಡ್ಡೋ ಮನುಷ್ಯನ ಕೊಬ್ಬೋ ಎಂದು ನಾನು ನೋಡುವುದಿಲ್ಲ.

ಒಮ್ಮೆ ಕೊಬ್ಬಿಗೆ ಸೇರಿದರೆ ಹೊರಬರಲು ನನಗೆ ದಿನಗಟ್ಟಲೆ ಬೇಕು. ಬರುವುದು ಹೆಚ್ಚಾಗಿ ಉಸಿರಿನಲ್ಲೇ. ಹೀಗೆ ನಾನು ಮಾಚಪ್ಪನ ಮನೆ ಕಂಡೆ.

ಅವನ ಹೆಂಡತಿ ನೀಲವ್ವ ಅಣ್ಣಿಗೇರಿಯವಳು. ಅವಳ ತಂದೆ ಕುಡಿದು ಕುಡಿದು ಸತ್ತಿದ್ದ. ಗಂಡು ನೋಡಲು ಬಂದಾಗ ಅವಳು ಕೇಳಿಸಿದ್ದು ಒಂದೇ ಪ್ರಶ್ನೆ: ಹುಡುಗ ಕುಡಿಯುತ್ತಾನೋ ಇಲ್ಲವೋ. ಮಾಚಪ್ಪ ಕುಡಿಯುತ್ತಿರಲಿಲ್ಲ. ಎಂದೂ ಕುಡಿದವನಲ್ಲ.

ಈಗ ಅವನು ಸಂಜೆ ಮನೆಗೆ ಬಂದರೆ ಹೊಸ್ತಿಲು ಎಡವುತ್ತಿದ್ದ. ಮಾತು ನಾಲಿಗೆಗೆ ತೊಡರುತ್ತಿತ್ತು. ಸಣ್ಣದಕ್ಕೆ ನಗು, ನಕ್ಕು ಮುಗಿಯುವ ಮೊದಲೇ ಸಿಟ್ಟು. ಬಾಯಿಂದ ಸಿಹಿ ಸಿಹಿಯಾದ ಒಂದು ವಾಸನೆ.

"ಏನ್ರಿ, ಏನ್ ಕುಡದ್ ಬಂದೀರಿ?" ಎಂದು ಮೊದಲ ಸಲ ಕೇಳಿದಾಗ ಅವಳ ಕೈಯಲ್ಲಿ ರೊಟ್ಟಿಯ ಹಿಟ್ಟಿತ್ತು.

"ಚಾ ಕುಡದೇನಿ."

"ಚಾ ಹಿಂಗ ನಾರ್ತೈತೇನು?"

"ಮಶೀನಿನ ವಾಸನಿ ಅದು. ಪೆಟ್ರೋಲಿಂದು."

ನೀಲವ್ವ ಹತ್ತಿರ ಬಂದು ಮೂಸಿದಳು. ಪೆಟ್ರೋಲಿನ ವಾಸನೆ ಅವಳಿಗೆ ಗೊತ್ತಿತ್ತು. ಅಣ್ಣಿಗೇರಿಯಲ್ಲಿ ಅವಳ ಮನೆಯ ಎದುರೇ ಮೋಟಾರ್ ಸೈಕಲ್ ರಿಪೇರಿಯ ಅಂಗಡಿ. "ಪೆಟ್ರೋಲ್ ಅಂದ್ರ ನನಗ ಗೊತ್ತಿಲ್ಲೇನ್ರಿ? ಇದು ಪೆಟ್ರೋಲಲ್ಲ," ಎಂದಳು. ಅವಳು ಹೇಳಿದ್ದು ನಿಜ. ಮಾಚಪ್ಪ ಹೇಳಿದ್ದೂ ಸುಳ್ಳಾಗಿರಲಿಲ್ಲ. ನನ್ನ ಹೆಸರು ಮಾತ್ರ ಸುಳ್ಳು.

ಅವನು ಗೋಡೆಯ ಮೇಲಿನ ಮಾಚಿದೇವರ ಪಟ ಮುಟ್ಟಿ ಆಣೆ ಮಾಡಿದ. ನೀಲವ್ವ ಮತ್ತೆ ರೊಟ್ಟಿ ತಟ್ಟತೊಡಗಿದಳು. "ನಮ್ಮಪ್ಪನೂ ಹಿಂಗ ಆಣಿ ಮಾಡ್ತಿದ್ದ," ಎಂದಳು. "ಅವನ ಆಣಿಗೆ ದೇವರ ಪಟ ಸವದಿತ್ತು."

ಅವಳು ಬಸುರಾಗಿದ್ದಳು. ಏಳನೆಯ ತಿಂಗಳಲ್ಲಿ ತವರಿನವರು ಅಣ್ಣಿಗೇರಿಯಲ್ಲಿ ಕುಬಸ ಇಟ್ಟುಕೊಂಡರು. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಬಸುರಿಗೆ ಉಡಿ ತುಂಬುವ ಶಾಸ್ತ್ರ. ಅದು ಮದುವೆಯ ಕಾಲ. ಅಂಗಡಿಯಲ್ಲಿ ಕೋಟು, ಸೀರೆಗಳ ರಾಶಿ ಬಿದ್ದಿತ್ತು. ಮಾಚಪ್ಪ ಕೊನೆಯ ಬಟ್ಟೆಯನ್ನು ತೆಗೆದಿಟ್ಟು, ಅಂಗಿ ಬದಲಿಸಿ ಸೀದಾ ಬಸ್ಸು ಹತ್ತಿದ. ನಾನು ಅವನೊಳಗೆ ತುಂಬಿಕೊಂಡಿದ್ದೆ. ಆರತಿಯ ತಟ್ಟೆ ಹಿಡಿದವರ ಎದುರು ಅವನು ಓಲಾಡಿದ. ಅಕ್ಷತೆ ಹಾಕಲು ಹೋಗಿ ಕುಂಕುಮದ ಬಟ್ಟಲು ಬೀಳಿಸಿದ, ಬೀಳಿಸಿ ನಕ್ಕ. ಹೆಂಗಸರು ಹಾಡು ನಿಲ್ಲಿಸಿದರು.

ನೀಲವ್ವನ ಅಣ್ಣ ಫಕ್ಕೀರಪ್ಪ ಅವನ ತೋಳು ಹಿಡಿದು ಹಿತ್ತಲಿಗೆ ಕರೆದೊಯ್ದು ಬಾಯಿ ಮೂಸಿದ. "ಇದು ಹಳ್ಳಿ ಸೆರೆ ಅಲ್ಲಬಿಡು. ಭಾಳ ಮೇಲಿಂದು ಐತಿ. ಯಾ ಬ್ರ್ಯಾಂಡೋ ಮಾಚಪ್ಪ, ನಮಗೂ ಹೇಳು!"

"ಮಾವಾ, ನಿನ್ನಾಣಿ..."

"ನನ್ನಾಣಿ ಮಾಡಬ್ಯಾಡ. ನಾ ಇನ್ನೂ ಬದುಕಬೇಕು."

ಮಾಚಪ್ಪ ಆ ಮನೆಯಲ್ಲಿ ಎರಡು ದಿನ ಉಳಿದ. ತಾನು ಕುಡುಕನಲ್ಲವೆಂದು ಕಣ್ಣೆದುರೇ ಇದ್ದು ತೋರಿಸಬೇಕೆಂಬುದು ಅವನ ಯೋಚನೆ. ಒಂದೊಂದು ಉಸಿರಿಗೂ ನಾನು ಅವನಿಂದ ಹೊರಬೀಳುತ್ತಿದ್ದೆ. ಎರಡನೆಯ ದಿನ ಅವನ ಕಾಲುಗಳು ಗಟ್ಟಿಯಾದವು, ಮಾತು ಸರಿಯಾಯಿತು, ಬಾವಿಯಿಂದ ನೀರು ಸೇದಿ ಹಂಡೆ ತುಂಬಿಸಿದ. ಅದರಿಂದ ಅವನಿಗೆ ಕೆಟ್ಟದ್ದೇ ಆಯಿತು.

"ನೋಡಿದಿ?" ಎಂದ ಫಕ್ಕೀರಪ್ಪ ತಂಗಿಗೆ. "ಇಲ್ಲಿ ಸಿಗಲಿಲ್ಲ, ನೆಟ್ಟಗಾದ."

ಹೊರಡುವಾಗ ನೀಲವ್ವ ಬಾಗಿಲ ತನಕ ಬಂದಳು. ಅಳಲಿಲ್ಲ. "ಹೆರಿಗಿಗೆ ಇಲ್ಲೇ ಇರ್ತೀನಿ, ಅದು ಎಲ್ಲಾರೂ ಮಾಡೂದು. ಆಮ್ಯಾಲಿನ ಮಾತು ಹೇಳ್ತೀನಿ ಕೇಳ್ರಿ. ನೀವು ಬಿಡೂತನಾ ನಾ ಆ ಮನೀಗೆ ಬರೂದಿಲ್ಲ. ನಮ್ಮವ್ವ ಸಹಿಸಿದಂಗ ನಾ ಸಹಿಸೂದಿಲ್ಲ."

"ಬಿಡಾಕ ನಾ ಹಿಡದೀನೇನ ನೀಲಾ?"

ಅವಳು ಒಳಗೆ ಹೋದಳು. ಅವನು ಮೆಟ್ಟಿಲಿಳಿಯುವ ಮುಂಚೆ ಅವಳ ತಾಯಿ ಒಂದು ಗಂಟು ತಂದು ಅವನ ಕೈಗೆ ಕೊಟ್ಟಳು. ಕುಬಸದ ಹಸಿರು ರೇಷ್ಮೆ ಸೀರೆ. ಊಟದಲ್ಲಿ ಯಾರೋ ಅದರ ಮೇಲೆ ತುಪ್ಪ ಚೆಲ್ಲಿದ್ದರು. "ನಿನ್ನ ಮಶೀನಿಗೆ ಹಾಕಿ ಕಳಸಪ್ಪಾ," ಎಂದಳು ಮುದುಕಿ. ಅಳಿಯ ಕುಡುಕನಾದರೂ ತುಪ್ಪದ ಕಲೆ ಹೋಗಬೇಕಲ್ಲ.

ಮಾಚಪ್ಪ ಆ ಸೀರೆಯನ್ನು ಬೇರೆಯವರ ಬಟ್ಟೆಗಳ ಜೊತೆ ಸೇರಿಸಲಿಲ್ಲ. ಅದೊಂದನ್ನೇ ತಿಳಿಯಾದ ನನ್ನೊಳಗೆ ತಿರುಗಿಸಿದ. ತುಪ್ಪವನ್ನು ನಾನು ಪೂರ್ತಿ ತೆಗೆದೆ. ಬಣ್ಣ ಒಂದಿಷ್ಟೂ ಹೋಗಲಿಲ್ಲ. ಅಷ್ಟರಲ್ಲಿ ಅಣ್ಣಿಗೇರಿಗೆ ಹೋಗುವ ಪರಿಚಯದವನೊಬ್ಬ ಬಾಗಿಲಲ್ಲಿ ನಿಂತು ಬಸ್ಸಿಗೆ ಹೊತ್ತಾಯಿತೆಂದು ಅವಸರ ಮಾಡಿದ. ಮಾಚಪ್ಪ ಸೀರೆ ಸರಿಯಾಗಿ ಒಣಗುವ ಮುಂಚೆಯೇ ಮಡಿಸಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಕೊಟ್ಟುಬಿಟ್ಟ. ಮಡಿಕೆಗಳ ನಡುವೆ ನಾನು ಸಿಕ್ಕಿಕೊಂಡೆ. ಬಿಸಿಲಿನ ಬಸ್ಸಿನಲ್ಲಿ ಚೀಲ ಉಬ್ಬಿತು. ಹೊರಬೀಳಲು ದಾರಿಯಿಲ್ಲದೆ ಆ ಊರಿನ ತನಕ ಒಳಗೇ ಸುತ್ತಿದೆ.

ನೀಲವ್ವ ಚೀಲದ ಗಂಟು ಬಿಚ್ಚಿದಾಗ ನಾನು ಒಮ್ಮೆಲೇ ಹೊರಗೆ ಧುಮುಕಿದೆ. ಅವಳು ಮುಖ ಹಿಂದಕ್ಕೆಳೆದಳು. ಮತ್ತೆ ಮುಂದೆ ತಂದು ಮೂಸಿದಳು. ಸೆರಗು ಮೂಸಿದಳು, ಒಡಲು ಮೂಸಿದಳು.

"ಅಣ್ಣಾ, ಇಲ್ಲಿ ಬಾ."

ಫಕ್ಕೀರಪ್ಪ ಬಂದ. ಅವಳು ಸೀರೆಯನ್ನು ಅವನ ಮೂಗಿಗೆ ಹಿಡಿದಳು.

"ಇದ ಬ್ರ್ಯಾಂಡ್ ಅಲ್ಲೇನು ನೀ ಮೂಸಿದ್ದು?"

ಅವನು ಹುಬ್ಬು ಗಂಟಿಕ್ಕಿದ. "ಹೂಂ... ಅದ."

"ಹಂಗಾರ ಸೀರಿ ಕುಡದೇತೇನ?"

 ಫಕ್ಕೀರಪ್ಪನಿಗೆ ಸೋಲಲು ಮನಸ್ಸಿರಲಿಲ್ಲ. ಕುಡುಕ ಮಡಿಸಿದ ಸೀರೆಗೆ ಕುಡುಕನ ವಾಸನೆ ಬಂದಿರಬೇಕು ಎಂದ. ನೀಲವ್ವ ಬಿಡಲಿಲ್ಲ. "ಹೋಗಿ ನೋಡ್ಕೊಂಡ ಬಾ. ಅವರು ಎಲ್ಲಿ ನಿಂದರ್ತಾರ, ಏನ್ ಮಾಡ್ತಾರ, ಕಣ್ಣಾರೆ ನೋಡು. ಕುಡದ್ರ ಕುಡದ್ರು ಅಂತ ಬಂದು ಹೇಳು, ನಾ ಕೇಳ್ತೀನಿ."

ಅವನು ಹುಬ್ಬಳ್ಳಿಗೆ ಬಂದದ್ದು ತಂಗಿಯ ಗಂಡನನ್ನು ಬಾಟಲಿಯ ಸಮೇತ ಹಿಡಿಯಲು. ಬಾಗಿಲು ತಟ್ಟದೆ ಹಿಂದಿನ ಕೋಣೆಗೆ ನುಗ್ಗಿದ. ಮಾಚಪ್ಪ ತೊಟ್ಟಿಕ್ಕುವ ಕೋಟುಗಳನ್ನು ಅಪ್ಪಿಕೊಂಡು ನಿಂತಿದ್ದ. ಫಕ್ಕೀರಪ್ಪ ಯಂತ್ರದ ಹಿಂದೆ ನೋಡಿದ, ಚಾಪೆ ಎತ್ತಿ ನೋಡಿದ, ನನ್ನನ್ನು ತುಂಬಿಟ್ಟಿದ್ದ ಡ್ರಮ್ಮಿನ ಮುಚ್ಚಳ ತೆಗೆದು ಒಳಗೆ ತಲೆ ಹಾಕಿ ನೋಡಿದ. ಬಾಟಲಿ ಇರಲಿಲ್ಲ. ಹುಡುಕಿ ದಣಿದು ನೆಲದ ಮೇಲೆ ಕೂತ. ಅಲ್ಲಿ ನಾನಿದ್ದೆ.

"ಭಾಳ ಸೆಕಿ ಐತಲ್ಲೋ ಇಲ್ಲಿ," ಎಂದ ಸ್ವಲ್ಪ ಹೊತ್ತಿನ ಮೇಲೆ.

"ಹೊರಗ ಕುಂದರ್ರಿ ಮಾವಾ."

"ಯಾಕ, ನಾ ಹೊರಗ ಹೋದ್ಮ್ಯಾಲ ಕುಡೀತೀಯೇನು? ಇಲ್ಲೇ ಕುಂದರ್ತೀನಿ."

ಕೂತೇ ಇದ್ದ. ಮಾಚಪ್ಪನ ರೊಟ್ಟಿಯಲ್ಲಿ ಪಾಲು ತಿಂದ. ಯಾವುದೋ ಹಳೆಯ ಜಗಳ ನೆನಪಾಗಿ ಒಬ್ಬನೇ ನಕ್ಕ. ಬಸ್ಸಿನ ಹೊತ್ತಾಯಿತೆಂದು ಎದ್ದಾಗ ಗೋಡೆ ಹಿಡಿದ. ಮಾಚಪ್ಪ ಅವನನ್ನು ಬಸ್ ನಿಲ್ದಾಣಕ್ಕೆ ನಡೆಸಿಕೊಂಡು ಹೋದ. ಇಬ್ಬರೊಳಗೂ ನಾನಿದ್ದೆ; ಇಬ್ಬರೂ ಒಬ್ಬರಿಗೊಬ್ಬರು ಆತುಕೊಂಡು ನಡೆದರು. ಅಣ್ಣಿಗೇರಿಯ ಮೇಲೆ ಹೋಗುವ ಗದಗಿನ ಬಸ್ಸಿನ ಬಾಗಿಲಲ್ಲಿ ಕಂಡಕ್ಟರ್ ಕೈ ಅಡ್ಡ ಹಿಡಿದ.

"ಇಳೀರಿ ಇಳೀರಿ. ಮಧ್ಯಾಹ್ನದಾಗ ಏರಿಸ್ಕೊಂಡ ಬಂದೀರಿ, ಹೆಣಮಕ್ಕಳು ಕುಂತಾರ ಬಸ್ಸಿನ್ಯಾಗ."

"ಏ ತಮ್ಮಾ," ಎಂದ ಫಕ್ಕೀರಪ್ಪ, ನಾಲಿಗೆ ತೊಡರುತ್ತ, "ನಾ ಯಾರು ಗೊತ್ತೈತೇನು? ನಮ್ಮ ಮನ್ಯಾಗ ಕುಡದವರಿಗೆ ನೀರು ಕೊಡೂದಿಲ್ಲ!"

"ಹೌದ್ರಿ, ನೀರು ಬೆರಸದ ಕುಡದಂಗ ಕಾಣ್ತೈತಿ."

ಬಸ್ಸಿನವರೆಲ್ಲ ನಕ್ಕರು. ಬಸ್ಸು ಹೋಯಿತು. ಫಕ್ಕೀರಪ್ಪ ಕಟ್ಟೆಯ ಮೇಲೆ ಕುಸಿದು ಕೂತ. "ನಿನ್ನಾಣಿ ನಾ ಕುಡದಿಲ್ಲೋ," ಎಂದ ಮಾಚಪ್ಪನ ಮುಖ ನೋಡುತ್ತ.  ತನ್ನ ಆಣೆ ತನಗೇ ಕೇಳಿಸಿ ತಲೆ ತಗ್ಗಿಸಿದ. ಮುಂದಿನ ಬಸ್ಸು ಬರುವವರೆಗೆ ಅವರು ಅಲ್ಲೇ ಕೂತು ಬಯಲಿನ ಗಾಳಿ ಕುಡಿದರು.

ಮಾಚಪ್ಪ ನಿರ್ದೋಷಿ ಎಂದು ಅಣ್ಣಿಗೇರಿಯ ಮನೆಯಲ್ಲಿ ತೀರ್ಮಾನವಾಯಿತು. ಇನ್ನು ಹೆರಿಗೆ ಮುಗಿಸಿ ನೀಲವ್ವ ಬರುತ್ತಾಳೆಂದು ಅವನು ಮನೆಗೆ ಸುಣ್ಣ ಬಳಿಸಿದ. ಆದರೆ ಫಕ್ಕೀರಪ್ಪ ಮತ್ತೆ ಬಂದಾಗ ತಂದ ಮಾತು ಬೇರೆ ಇತ್ತು.

"ಏನಂದ್ಳು ಅಂದ್ರ, ಕುಡತ ಆಗಿದ್ರ ನಾಕು ಬೈದು ಬಿಡಸ್ತಿದ್ದೆ. ಇದು ತಾನಾ ಒಳಗ ಹೊಕ್ಕೈತಿ, ಇದನ್ನ ಹೆಂಗ ಬಿಡಸ್ಲಿ? ನನ್ನ ಕೂಸು ದಿನಾ ಆ ಉಸರು ತಗೊಂಡು ಬೆಳೀಬೇಕೇನು? ವಾಸನಿ ಹೋದ ದಿನಾ ಬರ್ರಿ ಅಂತ ಹೇಳು ಅಂದ್ಳು."

ಮಾಚಪ್ಪ ಲವಂಗ ಅಗಿದ, ಏಲಕ್ಕಿ ಅಗಿದ, ದಿನಕ್ಕೆ ಎರಡು ಸಲ ಸ್ನಾನ ಮಾಡಿದ. ನಾನು ಚರ್ಮದ ಮೇಲೆ ಇದ್ದರೆ ತಾನೇ ನೀರಿಗೆ ಹೋಗಲು? ವಿಠ್ಠಲಸಾ ಅವರ ಬಳಿ ಹೋಗಿ ಕಿಟಕಿ ಒಡೆಸಲು ಕೇಳಿದ. ಅವರು ಕೆಟ್ಟವರಲ್ಲ. ಅಂದಿನಿಂದ ದಿನಾ ಅವನಿಗೊಂದು ಬೆಲ್ಲದ ಹರಳು ಕೊಡತೊಡಗಿದರು. ಹೊಗೆ, ಧೂಳು, ವಾಸನೆ ಎಲ್ಲವನ್ನೂ ಬೆಲ್ಲ ಹಿಡಿಯುತ್ತದೆಂಬ ನಂಬಿಕೆ. ಬೆಲ್ಲ ನನ್ನನ್ನು ಹಿಡಿಯುವುದಿಲ್ಲ.

"ಕಿಡಕಿ ಒಡದ್ರ ಕಲ್ಲಪ್ಪ ಪೊಲೀಸ್ರಿಗೆ ಹೇಳ್ತಾನ, ಪೆಟ್ರೋಲ್ ಇಟ್ಟಾರ ಅಂತ," ಎಂದರು.

"ಬೋರ್ಡ್ ಅಳಸ್ರಿ ಮಾಲಕ್ರ. ಅದರಾಗ ಒಂದ ಶಬ್ದ ಅಳಸಿದ್ರ ಸಾಕು."

"ಆ ಶಬ್ದಕ್ಕ ಗಿರಾಕಿ ಬರೂದೋ ಮಾಸ್ತರ."

ಅವರು ಆ ಹೊತ್ತಿನಲ್ಲಿ ಅವನನ್ನು ಹೆಸರು ಹಿಡಿದು ಕರೆದಿದ್ದರೆ ಎದುರಾಡಲು ಅವನಿಗೆ ಸುಲಭವಾಗುತ್ತಿತ್ತೇನೋ. ಮಾಸ್ತರ ಎಂಬ ಮಾತಿಗೆ ಅವನು ತಲೆ ಬಾಗಿಸಿ ಮತ್ತೆ ಒಳಗೆ ಬಂದ. ಮತ್ತಷ್ಟು ದಿನ ಕೋಟುಗಳನ್ನು ಅಪ್ಪಿ ಒಯ್ದ. ಒಂದು ದಿನ ಅಣ್ಣಿಗೇರಿಯಿಂದ ಸುದ್ದಿ ಬಂತು: ಹೆಣ್ಣು ಕೂಸು, ಇಬ್ಬರೂ ಚೆನ್ನಾಗಿದ್ದಾರೆ. ಮಾಚಪ್ಪ ಯಂತ್ರ ನಿಲ್ಲಿಸಿದ. ಕೈ ಬಾಯಿಗೆ ಅಡ್ಡ ಹಿಡಿದು, ಉಸಿರು ಬಿಟ್ಟು ಮೂಸಿ ನೋಡಿದ. ಮೂಗಿಗೆ ಏನೂ ಗೊತ್ತಾಗಲಿಲ್ಲ. ನನ್ನ ಜೊತೆ ಬದುಕಿದವರ ಮೂಗು ನನ್ನನ್ನು ಮರೆಯುತ್ತದೆ. ಅದು ಅವನಿಗೂ ಹೊಳೆದಿರಬೇಕು. ಡ್ರಮ್ಮಿನ ಮುಚ್ಚಳ ಬಿಗಿ ಮಾಡಿದ, ಬೀಗದ ಕೈಯನ್ನು ಕೌಂಟರಿನ ಮೇಲೆ ಇಟ್ಟ. ವಿಠ್ಠಲಸಾ ಕನ್ನಡಕ ತೆಗೆದು ನೋಡಿದರು. "ಮದುವಿ ಸೀಸನ್ನಿನಾಗ ಕೈ ಬಿಡ್ತೀಯೇನೋ?" ಎಂದರು. ಅವನು ಕೈ ಮುಗಿದು ಮೆಟ್ಟಿಲಿಳಿದ.

ನನ್ನ ಹೆಚ್ಚಿನ ಪಾಲು ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಮಾಚಪ್ಪನ ಜಾಗಕ್ಕೆ ಬಂದವರು ಯಾರೂ ಹೆಚ್ಚು ದಿನ ನಿಲ್ಲಲಿಲ್ಲ. ತಲೆ ಸುತ್ತು ಎನ್ನುತ್ತಿದ್ದರು, ಹೋಗುತ್ತಿದ್ದರು. ಯಂತ್ರ ನಿಂತಿತು, ತುಕ್ಕು ಹಿಡಿಯಿತು, ಗುಜರಿಗೆ ಹೋಯಿತು. ಕಡಾಯಿಯ ತಳದ ರಾಡಿಯಲ್ಲಿ ಉಳಿದಿದ್ದ ನಾನು ಒಂದು ಮುಚ್ಚಳ ಸರಿಯಿಲ್ಲದ ಡಬ್ಬಿಯಲ್ಲಿ ಗುಜರಿಯ ಮೂಲೆಯಲ್ಲಿದ್ದೇನೆ. ಎಷ್ಟೋ ಮದುವೆಗಳ ತುಪ್ಪ, ಎಷ್ಟೋ ಕೊರಳುಗಳ ಬೆವರು ನನ್ನ ಜೊತೆ ಕಪ್ಪಾಗಿ ಕೂತಿವೆ. ಬಿಸಿಲೇರಿದಾಗ ಸ್ವಲ್ಪ ಸ್ವಲ್ಪವೇ ಹೊರಡುತ್ತೇನೆ. ಸ್ವಲ್ಪ ನೆಲಕ್ಕೂ ಇಳಿದಿದ್ದೇನೆ. ನೀರಿಗಿಂತ ಭಾರವಾದ ನಾನು ಬಾವಿಗಳ ನೀರಿನ ಅಡಿಗೂ ಹೋಗಬಲ್ಲೆ, ಅಲ್ಲಿ ಹೋದರೆ ಬಹಳ ಕಾಲ ಕೆಡದೆ ಇರಬಲ್ಲೆ. ಕಲೆ ತೆಗೆಯುವುದು ಜನ ನನ್ನಿಂದ ಬಯಸಿದ ಕೆಲಸ. ಆ ಕೆಲಸವನ್ನು ನಾನು ಸರಿಯಾಗಿ ಮಾಡಿದೆ. ತೆಗೆದದ್ದು ಎಲ್ಲಿಗೆ ಹೋಗಬೇಕು, ತೆಗೆದ ಮೇಲೆ ನಾನು ಎಲ್ಲಿಗೆ ಹೋಗಬೇಕು ಎಂದು ಯಾರೂ ಯೋಚಿಸಲಿಲ್ಲ. ನಿಲ್ಲಲಾರದವನಿಗೆ ದಾರಿ ಮಾಡದೆ ಬಾಗಿಲು ಮುಚ್ಚಿದರೆ ಅವನು ಹತ್ತಿರ ಇದ್ದವರ ಒಳಗೇ ನುಗ್ಗುತ್ತಾನೆ.

ಆದರೆ ನನ್ನ ಒಂದು ಸಣ್ಣ ಪಾಲು ಇನ್ನೂ ಮಾಚಪ್ಪನೊಳಗಿತ್ತು.

ಅವನು ಚಿಕ್ಕಪ್ಪನ ಇಸ್ತ್ರಿ ಗಾಡಿಗೆ ಹೋಗಿ ನಿಂತ. ಬೇವಿನ ಮರದ ಕೆಳಗಿನ ತಳ್ಳುಗಾಡಿ, ಇದ್ದಿಲಿನ ಇಸ್ತ್ರಿ ಪೆಟ್ಟಿಗೆ. "ಮಶೀನ್ ಮಾಸ್ತರ ಬಂದ್ರು, ಕುರ್ಚಿ ಹಾಕ್ರಿ!" ಎಂದು ಚಿಕ್ಕಪ್ಪ ಕೂಗಿದ. ಗಿರಾಕಿಯೊಬ್ಬ "ಏ ಅಗಸಾ" ಎಂದಾಗ ಮಾಚಪ್ಪನ ಕೈಯಲ್ಲಿದ್ದ ಪೆಟ್ಟಿಗೆ ಒಂದು ಕ್ಷಣ ಬಟ್ಟೆಯ ಮೇಲೆ ನಿಂತೇಬಿಟ್ಟಿತು. ಅಂಗಿ ಸುಡುವ ಮುಂಚೆ ಮತ್ತೆ ಸರಿಯಿತು. ಸುತ್ತಲೂ ಬಯಲಿನ ಗಾಳಿ. ದಿನ ದಿನಕ್ಕೆ ನಾನು ಅವನಲ್ಲಿ ತೆಳುವಾಗುತ್ತ ಹೋದೆ.

ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಅವನು ಅಣ್ಣಿಗೇರಿಗೆ ಹೋದ. ಹೆಂಗಸರು ತುಂಬಿದ್ದ ಪಡಸಾಲೆಯಲ್ಲಿ ನೀಲವ್ವ ತೊಟ್ಟಿಲ ಪಕ್ಕ ಕೂತಿದ್ದಳು. ಗಂಡನನ್ನು ಕಂಡು ಎದ್ದಳು. ಎಲ್ಲರೆದುರೇ ಹತ್ತಿರ ಬಂದು ಅವನ ಬಾಯಿಯ ಬಳಿ ಮುಖ ತಂದಳು.

"ಅಯ್ಯ, ಏನವಾ ಇದು ಮಂದ್ಯಾಗ!" ಎಂದು ಒಬ್ಬ ಮುದುಕಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಉಳಿದವರೂ ನಕ್ಕರು. ಮಾಚಪ್ಪನ ಕಿವಿ ಕೆಂಪಾಯಿತು. ಆದರೆ ಹಿಂದೆ ಸರಿಯಲಿಲ್ಲ, ಉಸಿರು ಬಿಟ್ಟ.

ನೀಲವ್ವ ಕಣ್ಣು ಮುಚ್ಚಿ ಮೂಸಿದಳು. ಇನ್ನೊಮ್ಮೆ ಮೂಸಿದಳು.

"ಎಲಿ ಅಡಕಿ ಹಾಕ್ಕೊಂಡೀರಿ," ಎಂದಳು. "ಮತ್ತೇನಿಲ್ಲ."

"ಮತ್ತೇನಿಲ್ಲ," ಎಂದ ಅವನೂ.

"ಐದನೇ ತಿಂಗಳಿಗೆ ಕರಿಯಾಕ ಬರ್ರಿ. ಈ ತೊಟ್ಟಲಾ ನಮ್ಮವ್ವಂದು, ಇಲ್ಲೇ ಇರ್ಲಿ. ಅಲ್ಲಿ ನಮ್ಮ ಮನೀಗೆ ಒಂದು ತಂದಿಡ್ರಿ."

ಅವನು ಹೂಂ ಎಂದ. 

ಅವಳ ಮೂಗು ತಪ್ಪು ಹೇಳಲಿಲ್ಲ. ಮೂಗಿಗೆ ಸಿಗುವಷ್ಟು ನಾನು ಉಳಿದಿರಲಿಲ್ಲ. ಅದಕ್ಕಿಂತ ಕಡಿಮೆ ಇದ್ದೆ, ಇಲ್ಲವೆಂದು ನಾನು ಹೇಳಲಾರೆ. ಮಾಚಪ್ಪನಿಗೆ ಅದನ್ನು ಯಾರೂ ಹೇಳಿರಲಿಲ್ಲ. ಆದರೂ ಹೆಂಗಸರು ದಾರಿ ಬಿಟ್ಟು ತೊಟ್ಟಿಲ ಕಡೆ ಕೈ ತೋರಿಸಿದಾಗ ಅವನು ತಕ್ಷಣ ಬಗ್ಗಲಿಲ್ಲ. ಬಾಗಿಲ ಕಡೆ ಮುಖ ತಿರುಗಿಸಿ, ಎದೆಯಲ್ಲಿದ್ದ ಗಾಳಿಯನ್ನೆಲ್ಲ ಹೊರಗೆ ಬಿಟ್ಟ. ಆಮೇಲೆ ಉಸಿರು ಬಿಗಿಹಿಡಿದು, ಮಗಳ ಮುಖದ ಮೇಲೆ ಬಗ್ಗಿದ.

ಆ ಒಂದು ಉಸಿರಿನಲ್ಲಿ ಹೊರಬಿದ್ದ ನಾನು ಹೊಸ್ತಿಲು ದಾಟಿ ಅಂಗಳಕ್ಕೆ ಇಳಿದೆ. ಅಲ್ಲಿ ಬಿಸಿಲಿತ್ತು, ಗಾಳಿ ಬೀಸುತ್ತಿತ್ತು; ಹೋಗಲು ದಾರಿ ಇತ್ತು.